ಟಾಟಾ ಇನ್‌ಸ್ಟಿಟ್ಯೂಟ್ ಸ್ಟಾಪಿನಲ್ಲಿ ಇಳಿಯುವವರು ಯಾರು?

ಮೆಜೆಸ್ಟಿಕ್ಕಿನಲ್ಲಿ ಬಸ್ಸು ಹತ್ತಿ ‘ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ಗೆ ಒಂದು’ ಅಂದರೆ ಹಳೇ ಕಂಡಕ್ಟರು ಒಂದು ಸಲ ಮುಖ ನೋಡುತ್ತಾನೆ. ‘ಟಾಟಾ ಇನ್‌ಸ್ಟಿಟ್ಯೂಟಾ?’ ಅಂತ ಕೇಳಿ ಆಮೇಲೆ ಟಿಕೆಟ್ ಕೊಡುತ್ತಾನೆ. ಮಲ್ಲೇಶ್ವರ, ಯಶವಂತಪುರದವರ ಬಾಯಲ್ಲಿ ಇವತ್ತಿಗೂ ಅದಕ್ಕೆ ಅದೇ ಹೆಸರು. 1909ರಲ್ಲಿ ಹುಟ್ಟಿದ ಸಂಸ್ಥೆ. ಟಾಟಾ ಅವರ ದುಡ್ಡು, ಮೈಸೂರು ಸರ್ಕಾರ ಕೊಟ್ಟ 371 ಎಕರೆ ಜಮೀನು. ಕಟ್ಟಿದವರು ಹೊರಗಿನವರಾದರೂ ನೆಲ ಮಾತ್ರ ಈ ಸೀಮೆಯ ರೈತ ಕಂದಾಯ ಕಟ್ಟುತ್ತಿದ್ದ ಸರ್ಕಾರದ್ದು.

ಪ್ರತಿ ಬೇಸಿಗೆ ಈ ಸ್ಟಾಪಿನಲ್ಲಿ ಒಂದಷ್ಟು ಹೊಸ ಮುಖಗಳು ಇಳಿಯುತ್ತವೆ. ಕೈಯಲ್ಲಿ ಪ್ಲಾಸ್ಟಿಕ್ ಫೈಲು, ರಾತ್ರಿ ಬಸ್ಸಿನಲ್ಲಿ ಮುದುರಿ ಹೋದ ಇಸ್ತ್ರಿ ಶರ್ಟು, ಬೆನ್ನಿಗೆ ಚೀಲ. ಪಿಎಚ್.ಡಿ ಇಂಟರ್‌ವ್ಯೂಗೆ ಬಂದವರು. ಕೆಲವರ ಜೊತೆ ಅಪ್ಪ ಇರುತ್ತಾನೆ, ಗೇಟಿನ ಹೊರಗೆ ಮರದ ನೆರಳಿನಲ್ಲಿ ನಿಂತು ಸಂಜೆಯ ತನಕ ಕಾಯುತ್ತಾನೆ. ಮಗ ಒಳಗೆ ಏನು ಓದಲು ಹೊರಟಿದ್ದಾನೆ ಎಂದು ಕೇಳಿದರೆ ‘ಏನೋ ದೊಡ್ಡ ಓದಂತೆ ಸ್ವಾಮಿ’ ಎನ್ನುವುದಕ್ಕಿಂತ ಹೆಚ್ಚು ಅವನಿಗೆ ಗೊತ್ತಿರುವುದಿಲ್ಲ.

ಅಂಥ ಅಪ್ಪಂದಿರ ಸಂಖ್ಯೆ ಆ ಗೇಟಿನ ಮುಂದೆ ಯಾಕೆ ಇಷ್ಟು ಕಡಿಮೆ? ಇದು ಇವತ್ತಿನ ವಿಷಯ.

ಕಾನೂನು ಏನೂ ಕಮ್ಮಿ ಇಲ್ಲ. ಕೇಂದ್ರ ಸರ್ಕಾರದ ಶಿಕ್ಷಣ ಸಂಸ್ಥೆಗಳಲ್ಲಿ ಪ್ರವೇಶ ಮೀಸಲಾತಿಯ ಕಾಯ್ದೆ 2006ರಲ್ಲಿ ಬಂತು. ಪರಿಶಿಷ್ಟ ಜಾತಿಗೆ ನೂರಕ್ಕೆ 15, ಪರಿಶಿಷ್ಟ ಪಂಗಡಕ್ಕೆ ಏಳೂವರೆ, ಇತರೆ ಹಿಂದುಳಿದ ವರ್ಗಗಳಿಗೆ 27. ಕಾಗದದ ಮೇಲೆ ಲೆಕ್ಕ ಚೊಕ್ಕವಾಗಿದೆ. ಆದರೆ ಮೇಲಿನ ಓದಿಗೆ ಹೋದಂತೆಲ್ಲ ಈ ಜನ ಕರಗುತ್ತಾ ಹೋಗುತ್ತಾರೆ. ಬಿ.ಎಸ್‌ಸಿಯಲ್ಲಿ ಕಂಡಷ್ಟು ಎಂ.ಎಸ್‌ಸಿಯಲ್ಲಿ ಕಾಣುವುದಿಲ್ಲ, ಎಂ.ಎಸ್‌ಸಿಯಲ್ಲಿ ಕಂಡಷ್ಟು ಪಿಎಚ್.ಡಿಯಲ್ಲಿ ಇಲ್ಲ, ಪ್ರೊಫೆಸರ ಕುರ್ಚಿಯ ಹತ್ತಿರ ಬಂದರಂತೂ ಬೆರಳೆಣಿಕೆ. ಇಂಗ್ಲೆಂಡಿನ ‘ನೇಚರ್’ ಪತ್ರಿಕೆ 2023ರ ಜನವರಿಯಲ್ಲಿ ಭಾರತದ ವಿಜ್ಞಾನ ಸಂಸ್ಥೆಗಳ ಜಾತಿ ಲೆಕ್ಕವನ್ನು ಚಿತ್ರಪಟಗಳ ಸಮೇತ ಅಚ್ಚು ಹಾಕಿದಾಗ ಎಲ್ಲರೂ ಬೆಚ್ಚಿದಂತೆ ಮಾಡಿದರು. ಒಳಗಿದ್ದವರಿಗೆ ಗೊತ್ತಿಲ್ಲದ ಸಂಗತಿಯೇನೂ ಅಲ್ಲ ಅದು.

ದೊಡ್ಡವರ ಸಿದ್ಧ ಉತ್ತರ ಒಂದೇ: ‘ಅರ್ಹರು ಅರ್ಜಿ ಹಾಕುವುದಿಲ್ಲ, ನಾವೇನು ಮಾಡೋಣ?’ ಈ ಉತ್ತರವನ್ನು ಗಾಂಧಿಬಜಾರಿನ ಯಾವ ಅಂಗಡಿಯವನ ಮುಂದಾದರೂ ಹೇಳಿ ನೋಡಬೇಕು. ಒಳಗಲ್ಲಿಯಲ್ಲಿ ಅಂಗಡಿ ಇಟ್ಟು, ಬೋರ್ಡು ಹಾಕದೆ, ಇದ್ದ ಒಂದು ಚೀಟಿಯನ್ನೂ ಇಂಗ್ಲಿಷಿನಲ್ಲಿ ಬರೆದು, ಬಾಗಿಲು ಅರ್ಧ ತೆರೆದು ಕೂತವನು ‘ಗಿರಾಕಿ ಬರೋದಿಲ್ಲ’ ಅಂತ ಗೊಣಗಿದರೆ ಪಕ್ಕದ ಅಂಗಡಿಯವನು ನಗುತ್ತಾನೆ. ವ್ಯಾಪಾರ ಮಾಡುವವನು ಗಿರಾಕಿಯನ್ನು ಕೂಗಿ ಕರೆಯುತ್ತಾನೆ. ಸಂಸ್ಥೆಗಳು ಮಾತ್ರ ಕರೆಯುವುದನ್ನು ಕಲಿತಿಲ್ಲ. ಕೂಗುವುದು ಅಗೌರವ ಎಂದುಕೊಂಡಿವೆಯೋ ಏನೋ.

ಮೊದಲು ಗೊತ್ತಾಗಬೇಕಾದದ್ದು ದುಡ್ಡಿನ ವಿಷಯ. ಪಿಎಚ್.ಡಿ ಎಂದರೆ ದುಡ್ಡು ಸುರಿದು ಓದುವುದು ಎಂಬ ತಪ್ಪು ಕಲ್ಪನೆ ತಾಲ್ಲೂಕುಗಳಲ್ಲಿ ಇನ್ನೂ ಇದೆ. ನಿಜ ಬೇರೆ. ಕೇಂದ್ರದ ಫೆಲೋಶಿಪ್ ಸಿಕ್ಕಿದ ವಿದ್ಯಾರ್ಥಿಗೆ 2023ರಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಓದುವುದಕ್ಕೆ ಸಂಬಳ! ಮಗ ಇಪ್ಪತ್ತೆರಡಕ್ಕೆ ಗುಮಾಸ್ತನಾಗಲಿ ಎಂದು ಕಾಯುತ್ತಿರುವ ಮನೆಗೆ ಈ ಒಂದು ಸಾಲು ಮುಟ್ಟಿದ್ದರೆ ಎಷ್ಟು ಹುಡುಗರ, ಅದಕ್ಕಿಂತ ಮುಖ್ಯವಾಗಿ ಎಷ್ಟು ಹುಡುಗಿಯರ ಹಾದಿ ಬದಲಾಗುತ್ತಿತ್ತೋ. ‘ಇನ್ನೂ ಐದು ವರ್ಷ ಓದಿಸಿದರೆ ಮದುವೆ ಯಾವಾಗ?’ ಎನ್ನುವ ಅಜ್ಜಿಯ ಬಾಯಿ ಮುಚ್ಚಿಸಲು ತಿಂಗಳ ಸಂಬಳದಷ್ಟು ಬಲವಾದ ಮಾತು ಇನ್ನೊಂದಿಲ್ಲ. ಆದರೆ ಆ ಸಾಲು ಮುಟ್ಟುವುದಿಲ್ಲ. ಮುಟ್ಟಿಸುವವರು ಯಾರೂ ಇಲ್ಲ.

ಎರಡನೆಯದು, ಇಂಟರ್‌ವ್ಯೂಗಿಂತ ಮುಂಚೆ ಆ ಜಾಗವನ್ನು ಒಂದು ಸಲವಾದರೂ ನೋಡಿರುವುದು. ಒಳ್ಳೇ ಕಾಲೇಜಿನ, ಒಳ್ಳೇ ಮನೆಯ ಹುಡುಗ ಬಿ.ಎಸ್‌ಸಿ ಎರಡನೇ ವರ್ಷಕ್ಕೇ ಬೇಸಿಗೆ ರಜೆಯಲ್ಲಿ ಯಾವುದೋ ಲ್ಯಾಬಿನಲ್ಲಿ ಎರಡು ತಿಂಗಳು ಕೂತು ಬಂದಿರುತ್ತಾನೆ. ಮೆಷೀನು ಮುಟ್ಟಿರುತ್ತಾನೆ, ಪ್ರೊಫೆಸರ ಜೊತೆ ಕ್ಯಾಂಟೀನಿನಲ್ಲಿ ಕಾಫಿ ಕುಡಿದಿರುತ್ತಾನೆ. ಎರಡು ವರ್ಷದ ಮೇಲೆ ಅವನೇ ಇಂಟರ್‌ವ್ಯೂ ಮೇಜಿನ ಮುಂದೆ ಕೂತರೆ ಮಾವನ ಮನೆಯಲ್ಲಿ ಕೂತಂತೆ ಕೂತಿರುತ್ತಾನೆ. ಅದೇ ಸುರಪುರದಿಂದ ಬಂದವನಿಗೆ ಬೋರ್ಡು, ಸೀಮೆಸುಣ್ಣ, ಎದುರಿಗೆ ಆರು ಜನ, ಎಲ್ಲಾ ಇಂಗ್ಲಿಷು. ಪ್ರಶ್ನೆ ಸುಲಭದ್ದೇ. ಒಂದು ಗ್ರಾಫು ಬರೆ, ಇದು ಯಾಕೆ ಹೀಗೆ ಬಗ್ಗುತ್ತದೆ ಹೇಳು, ಅಷ್ಟೆ. ಉತ್ತರ ತಲೆಯಲ್ಲಿದೆ, ಕನ್ನಡದಲ್ಲಿದೆ, ನಾಲಿಗೆಗೆ ಬರುವುದಿಲ್ಲ. ಹತ್ತು ನಿಮಿಷದಲ್ಲಿ ‘ಥ್ಯಾಂಕ್ ಯೂ’. ಹೊರಗೆ ಬಂದು ಬಸ್ ಸ್ಟಾಪಿನಲ್ಲಿ ನಿಂತಾಗ ಉತ್ತರವೆಲ್ಲ ಸರಾಗವಾಗಿ ಬರುತ್ತದೆ.

ಈ ಬೇಸಿಗೆ ಓದು ಗುಟ್ಟಿನ ವ್ಯವಹಾರವೇನೂ ಅಲ್ಲ. ಸರ್ ಸಿ.ವಿ. ರಾಮನ್ 1934ರಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿ ಮಲ್ಲೇಶ್ವರಕ್ಕೆ ಆತುಕೊಂಡ ಸದಾಶಿವನಗರದಲ್ಲೇ ಇದೆ. ದಿಲ್ಲಿ ಮತ್ತು ಅಲಹಾಬಾದಿನ ಇನ್ನೆರಡು ಅಕಾಡೆಮಿಗಳ ಜೊತೆ ಸೇರಿ ಅದು ಬೇಸಿಗೆ ಸಂಶೋಧನಾ ಫೆಲೋಶಿಪ್ ಕೊಡುತ್ತದೆ. ಎರಡು ತಿಂಗಳು ದೇಶದ ಯಾವುದಾದರೂ ಲ್ಯಾಬಿನಲ್ಲಿ ಕೆಲಸ, ಖರ್ಚಿಗೆ ದುಡ್ಡು, ರೈಲು ಚಾರ್ಜು. ವಿದ್ಯಾರ್ಥಿಗಳಿಗೆ ಮಾತ್ರವಲ್ಲ, ಮೇಷ್ಟ್ರುಗಳಿಗೂ ಉಂಟು. ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರವೂ ಬೇಸಿಗೆಯಲ್ಲಿ ಹುಡುಗರನ್ನು ಕರೆಸುತ್ತದೆ. ಅಕಾಡೆಮಿಯ ಅರ್ಜಿಯ ಕೊನೇ ದಿನ ಬರುವುದು ನವೆಂಬರ್ ಸುಮಾರಿಗೆ. ಎಷ್ಟು ಪದವಿ ಕಾಲೇಜುಗಳ ನೋಟೀಸ್ ಬೋರ್ಡಿನ ಮೇಲೆ ಆ ಕಾಗದ ಅಂಟುತ್ತದೆ? ಆ ಬೋರ್ಡುಗಳ ಮೇಲೆ ಫೀಸು ಕಟ್ಟದವರ ಪಟ್ಟಿ ಮಾತ್ರ ತಪ್ಪದೆ ಇರುತ್ತದೆ.

ಕಾಗದ ಅಂಟಿತು ಎಂದೇ ಇಟ್ಟುಕೊಳ್ಳೋಣ. ಅರ್ಜಿಯ ಜೊತೆ ಮೇಷ್ಟ್ರ ಶಿಫಾರಸು ಪತ್ರ ಬೇಕು. ಇಲ್ಲಿ ಶಿಫಾರಸು ಎಂದರೆ ಶಾಸಕರ ಲೆಟರ್‌ಹೆಡ್ಡಿನದಲ್ಲ. ಈ ಹುಡುಗನ ಬುದ್ಧಿ ಹೇಗೆ, ಕೆಲಸ ಹೇಗೆ ಎಂದು ಕಲಿಸಿದವರು ನಾಲ್ಕು ಸಾಲು ಬರೆಯಬೇಕು. ಕರ್ನಾಟಕದ ಸರ್ಕಾರಿ ಪದವಿ ಕಾಲೇಜುಗಳು ಸಾವಿರಾರು ಅತಿಥಿ ಉಪನ್ಯಾಸಕರ ಬೆನ್ನಿನ ಮೇಲೆ ನಡೆಯುತ್ತಿವೆ. ಈ ವರ್ಷ ಇದ್ದವರು ಮುಂದಿನ ವರ್ಷ ಇರುತ್ತಾರೋ ಇಲ್ಲವೋ ಅವರಿಗೇ ಗೊತ್ತಿಲ್ಲ. ಹೆಸರಿಗೇ ‘ಅತಿಥಿ’. ಮನೆಯಲ್ಲಿ ಅತಿಥಿಯನ್ನು ಇಷ್ಟು ವರ್ಷ ಹೀಗೆ ಬಾಗಿಲಲ್ಲಿ ನಿಲ್ಲಿಸಿದ್ದರೆ ಊರವರು ಉಗಿಯುತ್ತಿದ್ದರು. ನೂರೈವತ್ತು ಹುಡುಗರ ಕ್ಲಾಸಿನಲ್ಲಿ ಆ ಮೇಷ್ಟ್ರು ಯಾರ ಬಗ್ಗೆ ಏನೆಂದು ಬರೆಯಬೇಕು? ಕಾಲೇಜಿನ ಅಧಿಕೃತ ಇ-ಮೇಲಿನಿಂದಲೇ ಪತ್ರ ಬರಲಿ ಎಂದು ಕೇಳುವ ಕಡೆಯಂತೂ ಮುಗಿದೇ ಹೋಯಿತು. ಪ್ರತಿಷ್ಠಿತ ಕಾಲೇಜಿನ ಹುಡುಗನಿಗೆ ವಿದೇಶದಲ್ಲಿ ಓದಿ ಬಂದ ಪ್ರೊಫೆಸರು ಒಂದು ಪುಟ ಬರೆದುಕೊಡುತ್ತಾರೆ, ತಾಲ್ಲೂಕು ಕಾಲೇಜಿನವನಿಗೆ ‘ಈತನ ನಡತೆ ತೃಪ್ತಿಕರ’ ಎಂಬ ಒಂದೇ ಸಾಲು ಸಿಗುತ್ತದೆ. ಓದುವ ಸಮಿತಿ ಹುಡುಗರನ್ನು ತೂಗುತ್ತಿದ್ದೇವೆ ಎಂದುಕೊಂಡಿರುತ್ತದೆ. ತಕ್ಕಡಿಯಲ್ಲಿ ಇರುವುದು ಮೇಷ್ಟ್ರುಗಳ ಇಂಗ್ಲಿಷು.

ಇನ್ನು ಸರ್ಟಿಫಿಕೇಟಿನ ಪುರಾಣ. ನಾಡಕಚೇರಿಯಲ್ಲಿ ಕೊಡುವ 2ಎ, 3ಬಿ ಜಾತಿ ಪತ್ರ ರಾಜ್ಯದ ಕೆಲಸಕ್ಕೆ. ಕೇಂದ್ರದ ಸಂಸ್ಥೆಗೆ ಕೇಂದ್ರದ ನಮೂನೆಯ ಒಬಿಸಿ ಪತ್ರ ಬೇಕು, ಕೆನೆಪದರದವರಲ್ಲ ಎಂದು ಬರೆದಿರಬೇಕು. ಎರಡೂ ಪಟ್ಟಿ ಬೇರೆ ಬೇರೆ. ಇಲ್ಲಿರುವ ಜಾತಿ ಅಲ್ಲಿ ಇರದೆ ಹೋಗಬಹುದು. ಇದನ್ನು ತಿಳಿಯದೆ ರಾಜ್ಯದ ಪತ್ರ ಹಿಡಿದು ಬಂದವನಿಗೆ ಪರಿಶೀಲನೆಯ ಮೇಜಿನಲ್ಲಿ ಗೊತ್ತಾಗುತ್ತದೆ, ಕೈಯಲ್ಲಿರುವುದು ಬರೀ ಕಾಗದ ಎಂದು. ಅಲ್ಲಿಂದ ಊರಿಗೆ ಫೋನು, ಊರಲ್ಲಿ ತಹಸೀಲ್ದಾರರು ಮೀಟಿಂಗಿನಲ್ಲಿ. ಬೆಂಗಳೂರಿನ ಯಾವ ಕೋಚಿಂಗ್ ಸೆಂಟರಿನ ಹುಡುಗನೂ ಈ ತಪ್ಪು ಮಾಡುವುದಿಲ್ಲ. ಅವನಿಗೆ ಮೊದಲೇ ಹೇಳಿಕೊಟ್ಟಿರುತ್ತಾರೆ.

ಇದೆಲ್ಲ ಹೊಸ ಕಾಯಿಲೆಯಲ್ಲ. ಇದೇ ಟಾಟಾ ಇನ್‌ಸ್ಟಿಟ್ಯೂಟಿನ ಬಾಗಿಲಿಗೆ 1933ರಲ್ಲಿ ಒಬ್ಬ ಹುಡುಗಿ ಬಂದಳು, ಕಮಲಾ ಭಾಗವತ್. ಮುಂದೆ ಕಮಲಾ ಸೊಹೊನಿ ಎಂದು ಹೆಸರಾದವರು. ಬೊಂಬಾಯಿ ವಿಶ್ವವಿದ್ಯಾನಿಲಯದ ಬಿ.ಎಸ್‌ಸಿಯಲ್ಲಿ ಮೊದಲ ಸ್ಥಾನ. ಡೈರೆಕ್ಟರ್ ಆಗಿದ್ದ ರಾಮನ್ ಹೆಣ್ಣು ಎಂಬ ಕಾರಣಕ್ಕೆ ಸೀಟು ಇಲ್ಲ ಎಂದರು. ಆಕೆ ಜಗ್ಗಲಿಲ್ಲ. ಕೊನೆಗೆ ಒಂದು ವರ್ಷ ಪರೀಕ್ಷೆಯ ಮೇಲೆ ಇಟ್ಟುಕೊಳ್ಳುವುದು, ಕೆಲಸ ಒಪ್ಪಿಗೆಯಾದರೆ ಮಾತ್ರ ಖಾಯಂ ಎಂಬ ಷರತ್ತು. ಗಂಡು ಹುಡುಗರಿಗೆ ಇಲ್ಲದ ಷರತ್ತು. ವರ್ಷ ಕಳೆಯಿತು, ಕೆಲಸ ಒಪ್ಪಿಗೆಯಾಯಿತು, ಆಮೇಲೆ ಬೇರೆ ಹುಡುಗಿಯರಿಗೂ ಬಾಗಿಲು ತೆರೆಯಿತು. 1939ರಲ್ಲಿ ಆಕೆ ಕೇಂಬ್ರಿಜ್‌ನಿಂದ ಪಿಎಚ್.ಡಿ ಪಡೆದರು. ರಾಮನ್ ದೊಡ್ಡವರು, ಮಲ್ಲೇಶ್ವರದ ‘ಪಂಚವಟಿ’ಯ ಮುಂದೆ ಇವತ್ತಿಗೂ ಜನ ಒಂದು ಕ್ಷಣ ನಿಂತು ಹೋಗುತ್ತಾರೆ. ದೊಡ್ಡವರ ಕಣ್ಣಿಗೂ ‘ಅರ್ಹತೆ’ ಕೆಲವೊಮ್ಮೆ ಒಂದೇ ವೇಷದಲ್ಲಿ ಕಾಣುತ್ತದೆ ಎಂಬುದಕ್ಕೆ ಈ ಕಥೆ ಬೇಕಾಯಿತು.

ಬಸವನಗುಡಿಯ ಕಥೆ ಇನ್ನೊಂದು ಥರ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯ ಹುಡುಗ ಎಚ್. ನರಸಿಂಹಯ್ಯ ಓದಬೇಕೆಂದು ಬೆಂಗಳೂರಿಗೆ ನಡೆದುಕೊಂಡೇ ಬಂದರು, ಬಸ್ ಚಾರ್ಜಿಗೆ ಕಾಸಿರಲಿಲ್ಲ. ನ್ಯಾಷನಲ್ ಹೈಸ್ಕೂಲು ಸೇರಿಸಿಕೊಂಡಿತು. ಆ ಹುಡುಗ ಭೌತಶಾಸ್ತ್ರ ಓದಿ, ನ್ಯಾಷನಲ್ ಕಾಲೇಜಿನಲ್ಲಿ ಮೇಷ್ಟ್ರಾಗಿ, ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ 1960ರಲ್ಲಿ ಪಿಎಚ್.ಡಿ ಮಾಡಿ, 1972ರಿಂದ 77ರವರೆಗೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದರು. 2005ರಲ್ಲಿ ತೀರಿಕೊಳ್ಳುವ ತನಕ ಕಾಲೇಜಿನ ಹಾಸ್ಟೆಲಿನ ಒಂದು ಕೋಣೆಯೇ ಮನೆ. ‘ನೋಡಿ, ಓದುವವನು ಹೇಗಾದರೂ ಓದುತ್ತಾನೆ’ ಎಂದು ಈ ಕಥೆಯನ್ನು ಹೇಳಿ ಮುಗಿಸುವವರೇ ಹೆಚ್ಚು. ನಡೆದು ಬಂದ ಒಬ್ಬರ ಹೆಸರು ಗೊತ್ತಿದೆ. ಅರ್ಧ ದಾರಿಯಲ್ಲಿ ವಾಪಸು ಹೋದವರ ಹೆಸರು ಯಾವ ರಿಜಿಸ್ಟರಿನಲ್ಲೂ ಇಲ್ಲ.

ಚಾಮರಾಜಪೇಟೆ, ಬಸವನಗುಡಿಯ ಹಿರಿಯರು ವಾರಾನ್ನದ ದಿನಗಳನ್ನು ನೆನೆಸಿಕೊಳ್ಳುತ್ತಾರೆ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು, ಹಾಗೆ ಉಂಡು ಓದಿ ಇಂಜಿನಿಯರು, ಜಡ್ಜು ಆದವರು ಬೇಕಾದಷ್ಟು ಜನ. ಒಳ್ಳೆಯ ಪದ್ಧತಿಯೇ. ಆದರೆ ಆ ಎಲೆ ಯಾರಿಗೆ ಹಾಕುತ್ತಿದ್ದರು ಎಂಬುದನ್ನೂ ಅಷ್ಟೇ ನೆನೆಸಿಕೊಳ್ಳಬೇಕು. ಬಹುಮಟ್ಟಿಗೆ ತಮ್ಮವರಿಗೆ. ಆಮೇಲೆ ಜಾತಿಗೊಂದು ಸಂಘ, ಸಂಘಕ್ಕೊಂದು ಹಾಸ್ಟೆಲು. ಒಕ್ಕಲಿಗರ ಸಂಘ ಹುಟ್ಟಿದ್ದು 1906ರಲ್ಲಿ, ಟಾಟಾ ಇನ್‌ಸ್ಟಿಟ್ಯೂಟಿಗಿಂತ ಮೊದಲೇ. ಹಳ್ಳಿ ಹುಡುಗ ಪಟ್ಟಣದಲ್ಲಿ ಓದಬೇಕಾದರೆ ಮೊದಲು ಮಲಗಲು ಜಾಗ ಬೇಕು ಎಂಬುದು ಆ ಕಾಲದವರಿಗೆ ಅರ್ಥವಾಗಿತ್ತು. 1918ರಲ್ಲಿ ಮೈಸೂರು ಮಹಾರಾಜರು ನೇಮಿಸಿದ ಮಿಲ್ಲರ್ ಸಮಿತಿಯೂ ಹಿಂದುಳಿದವರಿಗೆ ಹುದ್ದೆಗಳಲ್ಲಿ ಪಾಲು ಕೊಡಿ ಎಂದಷ್ಟೇ ಹೇಳಿ ಸುಮ್ಮನಾಗಲಿಲ್ಲ, ವಿದ್ಯಾರ್ಥಿವೇತನದ ಮಾತನ್ನೂ ಹೇಳಿತು. ಸೀಟು ಇಟ್ಟರೆ ಸಾಲದು, ಸೀಟಿನ ತನಕ ಬರಲು ದಾರಿ ಮಾಡಬೇಕು. ನೂರು ವರ್ಷದ ಹಿಂದೆ ತಿಳಿದಿದ್ದ ಸಂಗತಿ.

ಹೊರದೇಶದವರು ಇದನ್ನು ಈಗ ಮತ್ತೆ ಕಲಿಯುತ್ತಿದ್ದಾರೆ. ಅಮೆರಿಕದ ಅನೇಕ ವಿಶ್ವವಿದ್ಯಾನಿಲಯಗಳು ಪಿಎಚ್.ಡಿ ಸೀಟು ಕೊಟ್ಟ ಮೇಲೆ ಹುಡುಗರನ್ನು ತಮ್ಮ ಖರ್ಚಿನಲ್ಲೇ ಕರೆಸಿ, ಎರಡು ದಿನ ಇಟ್ಟುಕೊಂಡು, ಲ್ಯಾಬು ತೋರಿಸಿ, ಹಳೇ ವಿದ್ಯಾರ್ಥಿಗಳ ಜೊತೆ ಊಟಕ್ಕೆ ಕೂರಿಸಿ ಕಳಿಸುತ್ತವೆ. ಹೆಣ್ಣು ನೋಡುವ ಶಾಸ್ತ್ರದ ಹಾಗೆ, ಆದರೆ ಇಲ್ಲಿ ಹುಡುಗನೂ ‘ಒಲ್ಲೆ’ ಅನ್ನಬಹುದು. ನ್ಯಾಶ್‌ವಿಲ್ ಎಂಬ ಊರಿನಲ್ಲಿ ಕರಿಯರಿಗಾಗಿ ಹುಟ್ಟಿದ ಫಿಸ್ಕ್ ವಿಶ್ವವಿದ್ಯಾನಿಲಯ ಒಂದು ಕಡೆ, ಶ್ರೀಮಂತ ವಾಂಡರ್‌ಬಿಲ್ಟ್ ಇನ್ನೊಂದು ಕಡೆ. ಎರಡೂ ಸೇರಿ 2004ರಲ್ಲಿ ಒಂದು ಸೇತುವೆ ಕಟ್ಟಿದವು: ಹುಡುಗ ಫಿಸ್ಕ್‌ನಲ್ಲಿ ಎಂ.ಎ ಮಾಡುತ್ತಲೇ ವಾಂಡರ್‌ಬಿಲ್ಟ್ ಪ್ರೊಫೆಸರರ ಕೈಕೆಳಗೆ ಕೆಲಸ ಕಲಿತು, ಅಲ್ಲಿಂದ ಪಿಎಚ್.ಡಿಗೆ ಹತ್ತುವುದು. ಪರೀಕ್ಷೆಯ ನಂಬರ್ ಕಡಿಮೆ ಇದ್ದರೂ ಕಷ್ಟಕ್ಕೆ ಜಗ್ಗದವರನ್ನು ಹುಡುಕಿ ಆರಿಸಿದರು. ಅಮೆರಿಕದ ಭೌತಶಾಸ್ತ್ರಜ್ಞರ ಸಂಘವೂ ಅಂಥದೇ ಯೋಜನೆ ಹಾಕಿತು. 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಬಣ್ಣ ನೋಡಿ ಪ್ರವೇಶ ಕೊಡುವುದನ್ನು ನಿಲ್ಲಿಸಿತು, ಈಗ ಅಲ್ಲಿ ಕೈ ಕಟ್ಟಿದಂತಾಗಿದೆ. ಇಲ್ಲಿ ಕಾನೂನು ಕೈ ಹಿಡಿದು ನಿಂತಿದೆ, ಸೇತುವೆ ಮಾತ್ರ ಇಲ್ಲ.

ಪೂರ್ತಿ ಇಲ್ಲ ಎಂದರೂ ತಪ್ಪಾದೀತು. ಇನ್‌ಸ್ಟಿಟ್ಯೂಟಿಗೆ ಚಳ್ಳಕೆರೆ ಹತ್ತಿರದ ಕುದಾಪುರದಲ್ಲಿ ಇನ್ನೊಂದು ಆವರಣವಿದೆ, ಅಲ್ಲಿ ಹೈಸ್ಕೂಲು, ಕಾಲೇಜು ಮೇಷ್ಟ್ರುಗಳನ್ನು ಕರೆಸಿ ತರಬೇತಿ ಕೊಡುತ್ತಾರೆ. ವರ್ಷಕ್ಕೊಂದು ದಿನ ಮಲ್ಲೇಶ್ವರದ ಕಡೆಯ ಗೇಟು ತೆರೆದು ಊರಿಗೆ ಊರನ್ನೇ ಒಳಗೆ ಬಿಡುತ್ತಾರೆ, ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತವೆ. ಒಳ್ಳೇದು. ಆದರೆ ಜಾತ್ರೆಗೆ ಬಂದವರನ್ನೆಲ್ಲ ನೆಂಟರು ಎಂದು ಲೆಕ್ಕ ಹಾಕಲಾಗುವುದಿಲ್ಲ. ಒಂದು ದಿನ ನೋಡಿ ಹೋಗುವುದು ಬೇರೆ, ಎರಡು ತಿಂಗಳು ಇದ್ದು ಕಲಿಯುವುದು ಬೇರೆ.

ಒಳಗೆ ಕರೆದ ಮೇಲೆ ಹೇಗೆ ಇಟ್ಟುಕೊಳ್ಳುತ್ತಾರೆ ಎಂಬುದು ಇನ್ನೊಂದು ದೊಡ್ಡ ಪ್ರಶ್ನೆ. ಹೈದರಾಬಾದಿನ ರೋಹಿತ್ ವೇಮುಲ 2015ರ ಜುಲೈನಿಂದ ಫೆಲೋಶಿಪ್ ಇಲ್ಲದೆ ಕಳೆದು 2016ರ ಜನವರಿಯಲ್ಲಿ ಸತ್ತದ್ದನ್ನು ಹಳ್ಳಿಗಳಲ್ಲಿ ಜನ ಮರೆತಿಲ್ಲ. ಅಪ್ಪ ಅಮ್ಮ ಮಗನನ್ನು ಕಳಿಸುವ ಮೊದಲು ಅದನ್ನೇ ಯೋಚಿಸುತ್ತಾರೆ. ಅಲ್ಪಸಂಖ್ಯಾತರ ಮೌಲಾನಾ ಆಜಾದ್ ಫೆಲೋಶಿಪ್ಪನ್ನು 2022ರಲ್ಲಿ ಕೇಂದ್ರ ನಿಲ್ಲಿಸಿದಾಗಲೂ ಅಷ್ಟೆ, ಒಂದು ಬಾಗಿಲು ಮುಚ್ಚಿದ ಸದ್ದು ಬಹಳ ದೂರ ಕೇಳಿಸಿತು.

ಹಾಗಾದರೆ ಏನಾಗಬೇಕು? ದಿಲ್ಲಿಗೆ ಬರೆಯುವ ದೊಡ್ಡ ಮಾತು ಬೇಡ, ಊರಲ್ಲೇ ಆಗುವಂಥದ್ದಿದೆ. ಸಂಸ್ಥೆಯ ಪ್ರೊಫೆಸರುಗಳು, ಅದರಲ್ಲೂ ಕನ್ನಡ ಬಲ್ಲವರು, ಸೆಪ್ಟೆಂಬರ್ ಅಕ್ಟೋಬರಿನಲ್ಲಿ ರಾಯಚೂರು, ಚಾಮರಾಜನಗರ, ಹಾವೇರಿಯ ಪದವಿ ಕಾಲೇಜುಗಳಿಗೆ ಒಂದೊಂದು ದಿನ ಹೋಗಿ ಬರಲಿ. ಭಾಷಣ ಬೇಡ, ಹೂವಿನ ಹಾರವೂ ಬೇಡ. ಅರ್ಜಿ ಹೇಗೆ ತುಂಬುವುದು, ಪತ್ರ ಹೇಗೆ ಬರೆಯುವುದು, ಜಾತಿ ಪತ್ರದ ನಮೂನೆ ಯಾವುದು, ಅಷ್ಟನ್ನು ಕನ್ನಡದಲ್ಲಿ ಹೇಳಿ ಬಂದರೆ ಸಾಕು. ಇಂಟರ್‌ವ್ಯೂನಲ್ಲಿ ಹುಡುಗನಿಗೆ ತೊಡರಿದರೆ ಕನ್ನಡದಲ್ಲೇ ಹೇಳು ಎನ್ನುವವರು ಮೇಜಿನ ಆ ಕಡೆ ಒಬ್ಬರಾದರೂ ಇರಲಿ. ಗ್ರಾಫಿಗೆ ಭಾಷೆಯಿಲ್ಲ.

ಬಸ್ ಚಾರ್ಜಿನ ಮಾತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಬೀದರಿನ ಹುಡುಗಿ ಇವತ್ತು ಕಾಸಿಲ್ಲದೆ ಇಂಟರ್‌ವ್ಯೂಗೆ ಬರಬಹುದು. ನರಸಿಂಹಯ್ಯನವರ ಕಾಲಕ್ಕೆ ಇಲ್ಲದ ಅನುಕೂಲ. ಹುಡುಗರಿಗೆ ಅದಿಲ್ಲ. ಚಾರ್ಜು ವಾಪಸು ಕೊಡುತ್ತೇವೆ ಎನ್ನುವ ಕಡೆಯೂ ದುಡ್ಡು ಬರುವುದು ಫಾರಂ ತುಂಬಿದ ಮೇಲೆ. ಮೊದಲ ಟಿಕೆಟ್ಟು ಅಮ್ಮನ ಡಬ್ಬಿಯಿಂದಲೇ ಹೋಗಬೇಕು. ಬಂದವರು ರಾತ್ರಿ ಎಲ್ಲಿ ಮಲಗುತ್ತಾರೆ? ಮೆಜೆಸ್ಟಿಕ್ಕಿನ ಲಾಡ್ಜಿನಲ್ಲಿ ಒಂಟಿ ಹುಡುಗಿಗೆ ರೂಮು ಕೊಡುವುದಕ್ಕೇ ಹಿಂದೆ ಮುಂದೆ ನೋಡುತ್ತಾರೆ. ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಫೈಲು ತಲೆಗಿಟ್ಟು ರಾತ್ರಿ ಕಳೆದವನು ಬೆಳಗ್ಗೆ ಹತ್ತಕ್ಕೆ ಗ್ರಾಫು ಬರೆಯಬೇಕು.

ಇಲ್ಲಿ ಊರಿನ ಕೆಲಸ ಬರುತ್ತದೆ. ಮೇ, ಜೂನ್ ಬಂದರೆ ಬಸವನಗುಡಿ, ಚಾಮರಾಜಪೇಟೆ, ವಿಶ್ವೇಶ್ವರಪುರದ ಸಂಘಗಳ ಹಾಸ್ಟೆಲುಗಳಲ್ಲಿ ಅರ್ಧಕ್ಕರ್ಧ ಕೋಣೆ ಖಾಲಿ. ಹುಡುಗರು ಪರೀಕ್ಷೆ ಮುಗಿಸಿ ಊರಿಗೆ ಹೋಗಿರುತ್ತಾರೆ, ಅಡಿಗೆಯವರು ಸುಮ್ಮನೆ ಕೂತಿರುತ್ತಾರೆ. ಇಂಟರ್‌ವ್ಯೂಗೆ ಬಂದವರಿಗೆ ಎರಡು ರಾತ್ರಿ, ಬೇಸಿಗೆ ಫೆಲೋಶಿಪ್ಪಿಗೆ ಬಂದವರಿಗೆ ಎರಡು ತಿಂಗಳು ಆ ಕೋಣೆಗಳನ್ನು ಕೊಡುವುದಕ್ಕೆ ಯಾವ ಸರ್ಕಾರದ ಆದೇಶವೂ ಬೇಕಿಲ್ಲ. ಸಂಘದ ಜಾತಿಯವನೇ ಆಗಿರಬೇಕು ಎಂಬ ಷರತ್ತನ್ನು ಆ ಎರಡು ತಿಂಗಳ ಮಟ್ಟಿಗಾದರೂ ಬದಿಗಿಡಬೇಕು, ಅಷ್ಟೆ. ವಾರ್ಷಿಕ ಮಹಾಸಭೆಗಳು ಹೇಗೂ ನಡೆಯುತ್ತವೆ. ಸದಸ್ಯರಲ್ಲಿ ಅರ್ಧ ಜನ ಈ ಪೇಟೆಗಳ ಅಂಗಡಿಯವರೇ. ಕಾರ್ಯಸೂಚಿಯಲ್ಲಿ ಇದನ್ನೂ ಒಂದು ಸಾಲು ಸೇರಿಸಿ ಎಂದು ಕೇಳುವ ಹಕ್ಕು ಚಂದಾ ಕಟ್ಟಿದವರಿಗೆಲ್ಲ ಇದೆ.

ಇನ್ನೊಂದು ಸಣ್ಣ ಕೆಲಸ. ನರಸಿಂಹಯ್ಯನವರು 1962ರಲ್ಲಿ ಶುರು ಮಾಡಿದ ಬೆಂಗಳೂರು ವಿಜ್ಞಾನ ವೇದಿಕೆಯ ಉಪನ್ಯಾಸಗಳಿಗೆ ನ್ಯಾಷನಲ್ ಕಾಲೇಜಿಗೆ ಬರುವವರಲ್ಲಿ ನಿವೃತ್ತ ಮೇಷ್ಟ್ರುಗಳು, ನಿವೃತ್ತ ವಿಜ್ಞಾನಿಗಳು ಬಹಳ. ಇಂಗ್ಲಿಷು ಬಲ್ಲರು, ಸಮಿತಿಗಳ ಒಳಗನ್ನೂ ಕಂಡವರು. ಅವರಲ್ಲಿ ಒಬ್ಬೊಬ್ಬರು ಒಂದೊಂದು ತಾಲ್ಲೂಕು ಕಾಲೇಜನ್ನು ಹಿಡಿದುಕೊಂಡು, ನವೆಂಬರಿಗೆ ಮೊದಲು ಮೂರು ನಾಲ್ಕು ಅರ್ಜಿ ತಿದ್ದಿಕೊಟ್ಟು, ಇಂಟರ್‌ವ್ಯೂಗೆ ಮೊದಲು ಫೋನಿನಲ್ಲೇ ನಾಲ್ಕು ಪ್ರಶ್ನೆ ಕೇಳಿ ಬಾಯಿ ಬಿಡಿಸಿದರೆ, ಮುಂದಿನ ಬೇಸಿಗೆಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಸ್ಟಾಪಿನಲ್ಲಿ ಇಳಿಯುವ ಫೈಲುಗಳು ಎಷ್ಟು ಎಂದು ಎಣಿಸಿ ನೋಡಬಹುದು.